ನಂಬರ್ ಗೊತ್ತು, ಫೈಲ್ ಯಾವುದು?

ಪ್ರಶ್ನೆ: ಮೇಡಂ, ಹಾಸನದಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯ. ಮದುವೆ ಕಾರ್ಡು, ಕರಪತ್ರ, ಒಂದೆರಡು ಸಂಘದ ಮಾಸಪತ್ರಿಕೆ ಮಾಡಿಕೊಡುತ್ತೇವೆ. ಫೈಲುಗಳೆಲ್ಲ ಒಂದು ಉಬುಂಟು ಕಂಪ್ಯೂಟರಿನಲ್ಲಿವೆ. ಈಚೆಗೆ ಅದರ ಲಾಗಿನಲ್ಲಿ ‘ಇಎಕ್ಸ್‌ಟಿ4 ಎರರ್, ಡಿವೈಸ್ ಎಸ್‌ಡಿಬಿ1, ಇನೋಡ್ #2621534’ ಅಂತ ಪದೇ ಪದೇ ಬರುತ್ತಿದೆ. ಹೆಸರು ಹೇಳದೆ ಬರೀ ನಂಬರ್ ಕೊಟ್ಟರೆ ನಾನು ಯಾವ ಫೈಲ್ ನೋಡಲಿ? ಕೆಲಸದ ಹುಡುಗ ‘ಎಫ್‌ಎಸ್‌ಸಿಕೆ ಹಾಕಿಬಿಡೋಣ’ ಅನ್ನುತ್ತಿದ್ದಾನೆ. ಹಾಕಲಾ?
– ಒಬ್ಬ ಮುದ್ರಕರು, ಹಾಸನ

ಉತ್ತರ: ಇವತ್ತು ಬೇಡ. ಮೊದಲು ಆ ಡಿಸ್ಕಿನಲ್ಲಿರುವ ಕೆಲಸದ ಫೈಲುಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ. ಎಫ್‌ಎಸ್‌ಸಿಕೆ ನೋಡುವುದು ಫೈಲ್ ಸಿಸ್ಟಮ್ಮಿನ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ನಿಮ್ಮದು ಇಎಕ್ಸ್‌ಟಿ4) ಲೆಕ್ಕ ಸರಿಯಾಯಿತಾ ಅಂತ ಮಾತ್ರ. ಲೆಕ್ಕ ಸರಿ ಮಾಡುವ ಭರದಲ್ಲಿ ಹೆಸರುಗಳನ್ನು ಕಳೆದುಹಾಕಬಹುದು. ಆ ನಂಬರಿನ ಹೆಸರು ಈಗ ಸಿಗುತ್ತದೆ, ಆಮೇಲೆ ಸಿಗದೇ ಹೋಗಬಹುದು. ಅದಕ್ಕೇ ಹೆಸರು ಮೊದಲು, ರಿಪೇರಿ ಆಮೇಲೆ.

ಇನೋಡ್ ನಂಬರ್ ಅಂದರೆ ಹೊಲದ ಸರ್ವೆ ನಂಬರ್ ಇದ್ದ ಹಾಗೆ. ಊರಿನವರು ‘ಹುಣಸೆಮರದ ಹೊಲ’ ಅನ್ನುತ್ತಾರೆ, ಪಹಣಿಯಲ್ಲಿ ಇರುವುದು ಬರೀ 45. ಒಂದೇ ಹೊಲಕ್ಕೆ ಎರಡು ಮನೆಯವರು ಎರಡು ಹೆಸರು ಇಟ್ಟುಕೊಂಡಿರಬಹುದು. ಪಕ್ಕದ ಊರಿನಲ್ಲೂ ಒಂದು 45 ಇರುತ್ತದೆ. ಇನೋಡ್ ಕೂಡ ಹೀಗೇ. ಫೈಲಿನ ಗಾತ್ರ, ಯಜಮಾನ, ಪರ್ಮಿಷನ್, ತಾರೀಖು, ಡಿಸ್ಕಿನಲ್ಲಿ ಎಲ್ಲೆಲ್ಲಿ ಇದೆ ಅನ್ನುವುದು, ಎಲ್ಲ ಇನೋಡಿನಲ್ಲಿರುತ್ತದೆ. ಹೆಸರು ಮಾತ್ರ ಇರುವುದಿಲ್ಲ. ಹೆಸರು ಇರುವುದು ಫೋಲ್ಡರಿನಲ್ಲಿ. ಫೋಲ್ಡರ್ ಅಂದರೆ ‘ಈ ಹೆಸರು, ಈ ನಂಬರ್’ ಅಂತ ಬರೆದಿಟ್ಟ ಪಟ್ಟಿ, ಅಷ್ಟೇ.

ಹಾಗಾಗಿ ಹೆಸರಿನಿಂದ ನಂಬರಿಗೆ ಹೋಗುವುದು ಸುಲಭ. ‘ಎಲ್‌ಎಸ್ -ಐ’ ಅಂದರೆ ಸಾಕು, ಪ್ರತಿ ಹೆಸರಿನ ಎಡಕ್ಕೆ ನಂಬರ್ ಬರುತ್ತದೆ. ನಂಬರಿನಿಂದ ಹೆಸರಿಗೆ ಬರಬೇಕಾದರೆ ಇರುವ ಫೋಲ್ಡರುಗಳನ್ನೆಲ್ಲ ಒಂದೊಂದಾಗಿ ತೆರೆದು, ಯಾವ ಪಟ್ಟಿಯಲ್ಲಿ ಆ ನಂಬರ್ ಇದೆ ಅಂತ ನೋಡಬೇಕು. ಈ ಕೆಲಸಕ್ಕೇ ಅಂತ ಒಂದು ಕಮಾಂಡ್ ಬಹಳ ಹಿಂದಿನಿಂದ ಇದೆ. ಹೆಸರು ಎನ್‌ಚೆಕ್. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬಂದ ಯೂನಿಕ್ಸ್ 7ನೇ ಆವೃತ್ತಿಯ ಕೈಪಿಡಿಯಲ್ಲೇ ಅದು ಇದೆ. ಆಗ ಫೋಲ್ಡರಿನಲ್ಲಿ ಒಂದು ಫೈಲಿಗೆ 16 ಬೈಟ್ ಜಾಗ. 2 ಬೈಟ್ ನಂಬರಿಗೆ, 14 ಬೈಟ್ ಹೆಸರಿಗೆ. ಪಟ್ಟಿ ಎಷ್ಟೋ ದೊಡ್ಡದಾಗಿದೆ, ಹುಡುಕುವ ರೀತಿ ಇವತ್ತಿಗೂ ಅದೇ.

ನಿಮ್ಮ ಉಬುಂಟುವಿನಲ್ಲಿ ಎನ್‌ಚೆಕ್ ಬೇರೆಯಾಗಿ ಇರುವುದಿಲ್ಲ. ಡೀಬಗ್‌ಎಫ್‌ಎಸ್ ಅನ್ನುವ ಪ್ರೋಗ್ರಾಮಿನ ಒಳಗಿದೆ. ಥಿಯೊಡೋರ್ ತ್ಸೋ ಅವರ ಇ2ಎಫ್‌ಎಸ್‌ಪ್ರಾಗ್ಸ್ ಪ್ಯಾಕೇಜಿನ ಜೊತೆ ಬರುತ್ತದೆ, ಉಬುಂಟುವಿನಲ್ಲಿ ಮೊದಲೇ ಇರುತ್ತದೆ. ಟರ್ಮಿನಲ್ಲಿನಲ್ಲಿ ಹೀಗೆ ಕೊಡಿ (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಆರ್ ಒಂದು ಮಾತ್ರ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ):

ಸುಡೋ ಡೀಬಗ್‌ಎಫ್‌ಎಸ್ -ಆರ್ "ಎನ್‌ಚೆಕ್ 2621534" /ಡೆವ್/ಎಸ್‌ಡಿಬಿ1

ಸ್ವಲ್ಪ ಹೊತ್ತು ಏನೂ ಬರುವುದಿಲ್ಲ. ಡಿಸ್ಕ್ ದೊಡ್ಡದಾದರೆ ನಿಮಿಷಗಟ್ಟಲೆ ಆಗಬಹುದು, ಗಾಬರಿಯಾಗಿ ನಿಲ್ಲಿಸಬೇಡಿ. ಆಮೇಲೆ ಎರಡು ಕಾಲಮ್ ಬರುತ್ತದೆ. ಎಡಗಡೆ ಇನೋಡ್, ಬಲಗಡೆ ಪಾತ್, ಅಂದರೆ ಫೋಲ್ಡರು ಸಮೇತ ಪೂರ್ತಿ ಹೆಸರು. ಆ ಪಾತ್ ಶುರುವಾಗುವುದು ಆ ಪಾರ್ಟಿಷನ್ನಿನ (ಡಿಸ್ಕಿನ ಆ ಭಾಗದ) ಬುಡದಿಂದ. ನೀವು ಎಸ್‌ಡಿಬಿ1 ಅನ್ನು ‘/ಡೇಟಾ’ ಅನ್ನುವ ಕಡೆ ಮೌಂಟ್ ಮಾಡಿದ್ದರೆ, ಅಂದರೆ ಜೋಡಿಸಿದ್ದರೆ, ಅದು ತೋರಿಸುವ ‘/ಮಾಸಪತ್ರಿಕೆ/ಜೂನ್’ ಅನ್ನುವುದು ನಿಮಗೆ ‘/ಡೇಟಾ/ಮಾಸಪತ್ರಿಕೆ/ಜೂನ್’ ಆಗುತ್ತದೆ. ಇದು ತಿಳಿಯದೆ ‘ಅಂಥ ಫೈಲೇ ಇಲ್ಲ’ ಅಂದುಕೊಳ್ಳುವವರು ಬಹಳ ಜನ.

ಡೀಬಗ್‌ಎಫ್‌ಎಸ್ ತಾನಾಗಿ ಓದುವ ಮೋಡಿನಲ್ಲೇ ತೆರೆಯುತ್ತದೆ, ಏನನ್ನೂ ಬರೆಯುವುದಿಲ್ಲ. ‘-ಡಬ್ಲ್ಯೂ’ ಹಾಕಿದರೆ ಬರೆಯುತ್ತದೆ. ಅದನ್ನು ಹಾಕಲೇಬೇಡಿ. ಡಿಸ್ಕ್ ಮೌಂಟ್ ಆಗಿದ್ದಾಗಲೂ ಕೇಳಬಹುದು, ಆದರೆ ಮೊದಲು ಒಂದು ಸಲ ‘ಸಿಂಕ್’ ಕೊಡಿ. ಇಲ್ಲದಿದ್ದರೆ ಮೆಮೊರಿಯಲ್ಲೇ ಉಳಿದ ಹೊಸ ಬದಲಾವಣೆ ಅದಕ್ಕೆ ಕಾಣದೇ ಇರಬಹುದು.

ಬಂದ ಹೆಸರು ಫೋಲ್ಡರಿನದೇ ಆಗಿದ್ದರೆ ವಿಷಯ ಇನ್ನೂ ಗಂಭೀರ. ಒಂದು ಫೈಲ್ ಕೆಟ್ಟರೆ ಒಂದು ಹೋಯಿತು. ಫೋಲ್ಡರಿನ ಪಟ್ಟಿ ಕೆಟ್ಟರೆ ಒಳಗಿನದ್ದೆಲ್ಲ ಹೆಸರಿಲ್ಲದೆ ಹೋಗುತ್ತದೆ. ಆ ಫೋಲ್ಡರನ್ನು ಮೊದಲು ಕಾಪಿ ಮಾಡಿಕೊಳ್ಳಿ. ಕಾಪಿ ತೆರೆದು ನೋಡಿ, ಪುಟ ಸರಿಯಾಗಿ ಬರುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಡಿಸ್ಕನ್ನು ಅನ್‌ಮೌಂಟ್ ಮಾಡಿ ನಿಮ್ಮ ಹುಡುಗ ಹೇಳಿದ ಎಫ್‌ಎಸ್‌ಸಿಕೆ ಹಾಕಿ. ಅವನು ಹೇಳಿದ್ದು ತಪ್ಪಲ್ಲ, ಹೊತ್ತು ಬೇರೆ.

‘ಫೈಂಡ್’ ಕಮಾಂಡಿನಲ್ಲೂ ಇದನ್ನು ಹುಡುಕಬಹುದು. ‘ಫೈಂಡ್ /ಡೇಟಾ -ಎಕ್ಸ್‌ಡೆವ್ -ಐನಮ್ 2621534’ ಅಂತ. ಎಕ್ಸ್‌ಡೆವ್ ಬಿಡಬೇಡಿ. ಅದು ಇಲ್ಲದಿದ್ದರೆ ಫೈಂಡ್ ಬೇರೆ ಪಾರ್ಟಿಷನ್ನಿಗೂ ನುಗ್ಗಿ, ಅಲ್ಲಿನ 2621534 ಅನ್ನು ತಂದು ನಿಮ್ಮ ಮುಂದಿಡುತ್ತದೆ. ದಿನದ ಕೆಲಸಕ್ಕೆ ನನಗೆ ಫೈಂಡೇ ಇಷ್ಟ, ಯಾವ ಫೈಲ್ ಸಿಸ್ಟಮ್ ಆದರೂ ನಡೆಯುತ್ತದೆ. ಆದರೆ ಫೋಲ್ಡರ್ ಕೆಟ್ಟಿರುವ ಅನುಮಾನ ಇದ್ದಾಗ, ಅಥವಾ ಒಂದು ಫೋಲ್ಡರಿನ ಮೇಲೆ ಇನ್ನೊಂದು ಡಿಸ್ಕ್ ಮೌಂಟ್ ಆಗಿ ಕೆಳಗಿನ ಫೈಲ್ ಮುಚ್ಚಿಹೋದಾಗ, ಫೈಂಡಿಗೆ ಕಾಣುವುದಿಲ್ಲ. ಡೀಬಗ್‌ಎಫ್‌ಎಸ್ ನೇರವಾಗಿ ಡಿಸ್ಕನ್ನೇ ಓದುವುದರಿಂದ ಅದಕ್ಕೆ ಕಾಣುತ್ತದೆ.

ಇನ್ನೊಂದು ಮಾತು. ಲಾಗ್ ಹಳೆಯದಾಗಿದ್ದರೆ ಬಂದ ಹೆಸರನ್ನು ಕಣ್ಣುಮುಚ್ಚಿ ನಂಬಬೇಡಿ. ಫೈಲ್ ಅಳಿಸಿದರೆ ಅದರ ನಂಬರ್ ಖಾಲಿಯಾಗಿ ಬೇರೆ ಫೈಲಿಗೆ ಹೋಗುತ್ತದೆ. ಎಷ್ಟೋ ಎಡಿಟರುಗಳು ಸೇವ್ ಮಾಡುವಾಗ ಹೊಸ ಫೈಲ್ ಬರೆದು ಹಳೆಯ ಹೆಸರು ಕೊಡುತ್ತವೆ, ಆಗಲೂ ನಂಬರ್ ಬದಲಾಗುತ್ತದೆ. ‘ಸ್ಟ್ಯಾಟ್’ ಕೊಟ್ಟು ಫೈಲಿನ ತಾರೀಖನ್ನೂ ಲಾಗಿನ ತಾರೀಖನ್ನೂ ಹೋಲಿಸಿ. ಫೈಲ್ ಲಾಗಿಗಿಂತ ಆಮೇಲೆ ಹುಟ್ಟಿದ್ದಾದರೆ ಅದು ನೀವು ಹುಡುಕುತ್ತಿರುವ ಫೈಲಲ್ಲ.

ಪ್ರಶ್ನೆ: ನಾನು ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಸರ್ವರ್ ತಾನೇ ರಿಪೇರಿ ಮಾಡಿಕೊಂಡಿತು. ಸ್ಕ್ಯಾನ್ ಮಾಡಿದ ಹಳೆಯ ಸ್ಮರಣ ಸಂಚಿಕೆಗಳು ಕಾಣುತ್ತಿಲ್ಲ. ‘ಲಾಸ್ಟ್+ಫೌಂಡ್’ ಅನ್ನುವ ಫೋಲ್ಡರಿನಲ್ಲಿ #131073, #131090 ಅಂತ ರಾಶಿ ಬಿದ್ದಿವೆ. ಎನ್‌ಚೆಕ್ ಕೊಟ್ಟರೆ ಹಳೆಯ ಹೆಸರು ಬರುತ್ತದಾ?
– ಗ್ರಂಥಾಲಯ ಸಹಾಯಕಿ, ಧಾರವಾಡ

ಉತ್ತರ: ಬರುವುದಿಲ್ಲಮ್ಮ. ಕೊಟ್ಟರೆ ‘/ಲಾಸ್ಟ್+ಫೌಂಡ್/#131073’ ಅಂತಲೇ ಹೇಳುತ್ತದೆ. ಈಗ ಅದರ ಹೆಸರು ಅದೇ. ಹೆಸರಿದ್ದ ಪಟ್ಟಿ ಹಾಳಾದದ್ದರಿಂದಲೇ ಅವು ಅಲ್ಲಿಗೆ ಬಂದಿವೆ. ಎಫ್‌ಎಸ್‌ಸಿಕೆಗೆ ಗೊತ್ತಿದ್ದದ್ದು ನಂಬರ್ ಒಂದೇ, ಅದನ್ನೇ ಹೆಸರಾಗಿ ಇಟ್ಟಿದೆ.

ಆದರೂ ಕೈಚೆಲ್ಲಬೇಡಿ. ಮೊದಲು ‘ಎಲ್‌ಎಸ್ -ಎಲ್’ ಕೊಟ್ಟು, ಸಾಲಿನ ಮೊದಲ ಅಕ್ಷರ ಡಿ ಇರುವುದನ್ನು ನೋಡಿ. ಅವು ಫೋಲ್ಡರುಗಳು. ಹೋಗಿರುವುದು ಅವುಗಳ ಮೇಲಿನ ಹೆಸರು ಮಾತ್ರ. ಒಳಗೆ ಹೋದರೆ ಫೈಲುಗಳ ಹೆಸರು ಹಾಗೇ ಇರುತ್ತವೆ, ಯಾಕೆಂದರೆ ಆ ಪಟ್ಟಿ ಅದೇ ಫೋಲ್ಡರಿನದು. ಹೆಚ್ಚಿನ ಸಂಚಿಕೆಗಳು ಹೀಗೇ ಸಿಗುವ ಸಾಧ್ಯತೆ ಇದೆ. ಉಳಿದ ಒಂಟಿ ಫೈಲುಗಳಿಗೆ ‘ಫೈಲ್’ ಕಮಾಂಡ್ ಕೊಡಿ. ಅದು ಹೆಸರು ನೋಡುವುದಿಲ್ಲ, ಒಳಗಿನ ಬೈಟ್ ನೋಡಿ ‘ಇದು ಪಿಡಿಎಫ್, ಇದು ಜೆಪೆಗ್’ ಅನ್ನುತ್ತದೆ. ಪಿಡಿಎಫ್ ಅಂತ ಗೊತ್ತಾದ ಮೇಲೆ ತೆರೆದರೆ ಮೊದಲ ಪುಟದಲ್ಲೇ ಸಂಚಿಕೆಯ ಹೆಸರಿರುತ್ತದೆ, ಅಲ್ವಾ. ಈ ಕೆಲಸವನ್ನು ಡಿಸ್ಕಿನ ಕಾಪಿಯ ಮೇಲೆ ಮಾಡಿ, ಮೂಲದ ಮೇಲೆ ಬೇಡ.

ದಯವಿಟ್ಟು ಇನ್ನು ಮುಂದೆ ಒಂದು ಪಟ್ಟಿ ಇಟ್ಟುಕೊಳ್ಳಿ. ನಾನು ನೋಡಿಕೊಳ್ಳುವ ಎಲ್ಲ ಯಂತ್ರಗಳಲ್ಲೂ ಭಾನುವಾರ ರಾತ್ರಿ ಕ್ರಾನ್ (ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಪ್ರೋಗ್ರಾಮ್) ಒಂದು ಫೈಂಡ್ ಓಡಿಸುತ್ತದೆ. ಅದಕ್ಕೆ ‘-ಪ್ರಿಂಟ್‌ಎಫ್’ ಅನ್ನುವ ಆಯ್ಕೆ ಕೊಟ್ಟು, ಶೇಕಡಾ ಚಿಹ್ನೆಯ ನಂತರ ಐ ಬರೆದರೆ ನಂಬರ್, ಪಿ ಬರೆದರೆ ಪೂರ್ತಿ ಪಾತ್. ಕೊನೆಗೆ ಹಿಂಬಾಗಿದ ಗೆರೆ (\) ಮತ್ತು ಎನ್ ಸೇರಿಸಿದರೆ ಸಾಲಿಗೊಂದು ಬರುತ್ತದೆ. ಅದನ್ನು ಕುಗ್ಗಿಸಿ ಬೇರೆ ಯಂತ್ರದಲ್ಲಿ ಇಡುತ್ತೇನೆ. ಲಕ್ಷ ಫೈಲಿದ್ದರೂ ಪಟ್ಟಿ ಕೆಲವೇ ಎಂಬಿ. ನಿಮ್ಮ ಹತ್ತಿರ ಅಂಥದ್ದೊಂದು ಇದ್ದಿದ್ದರೆ 131073 ಯಾವ ಊರಿನ ಯಾವ ವರ್ಷದ ಸಂಚಿಕೆ ಅಂತ ಒಂದು ‘ಗ್ರೆಪ್’ನಲ್ಲಿ (ಪದ ಹುಡುಕುವ ಕಮಾಂಡ್) ಗೊತ್ತಾಗುತ್ತಿತ್ತು. ಬ್ಯಾಕಪ್ಪಿಗೆ ಡಿಸ್ಕ್ ಕೊಳ್ಳಲು ದುಡ್ಡು ಮಂಜೂರಾಗದ ಕಡೆ ಕೂಡ ಈ ಪಟ್ಟಿಗೆ ದುಡ್ಡು ಬೇಕಾಗಿಲ್ಲ. ಯಾವುದೋ ಹಳ್ಳಿಯ ಸಂಘ ಒಂದೇ ಸಲ ಅಚ್ಚು ಹಾಕಿಸಿದ ಪುಸ್ತಕ ನಿಮ್ಮ ಡಿಸ್ಕಿನಲ್ಲಿ ಮಾತ್ರ ಇರಬಹುದು. ಅದು ನಂಬರಾಗಿ ಉಳಿದುಬಿಡಬಾರದು ಅನ್ನುವುದು ನನ್ನ ಕಳಕಳಿ.

ಪ್ರಶ್ನೆ: ಹಾರ್ಡ್ ಡಿಸ್ಕಿನ ಸ್ಮಾರ್ಟ್ ಟೆಸ್ಟ್ ಫೇಲಾಗಿದೆ. ‘ಮೊದಲ ದೋಷದ ಎಲ್‌ಬಿಎ 12345672’ ಅಂತಿದೆ. ಇದೂ ಇನೋಡ್ ನಂಬರೇ? ಇದರಿಂದ ಹಾಳಾದ ಫೈಲ್ ಯಾವುದು ಅಂತ ಹೇಳಬಹುದೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು

ಉತ್ತರ: ಇನೋಡ್ ಅಲ್ಲ, ಡಿಸ್ಕಿನ ಸೆಕ್ಟರ್ ನಂಬರ್. ಹೇಳಬಹುದು, ಆದರೆ ಎರಡು ಮೆಟ್ಟಿಲು ಜಾಸ್ತಿ. ಪೆನ್ನು ಕಾಗದ ತಗೊಳ್ಳಿ.

‘ಎಫ್‌ಡಿಸ್ಕ್ -ಎಲ್’ ಕೊಟ್ಟು ಪಾರ್ಟಿಷನ್ ಎಲ್ಲಿಂದ ಶುರು ಅಂತ ನೋಡಿ. ಸಾಮಾನ್ಯವಾಗಿ ಮೊದಲನೆಯದು 2048ರಿಂದ. 12345672ರಲ್ಲಿ 2048 ಕಳೆದರೆ 12343624. ಇದು 512 ಬೈಟಿನ ಸೆಕ್ಟರುಗಳ ಲೆಕ್ಕ. ಇಎಕ್ಸ್‌ಟಿ4 ಲೆಕ್ಕ ಇಡುವುದು ಬ್ಲಾಕಿನಲ್ಲಿ, ಒಂದು ಬ್ಲಾಕ್ ಸಾಮಾನ್ಯವಾಗಿ 4096 ಬೈಟ್, ಅಂದರೆ 8 ಸೆಕ್ಟರ್. 8ರಿಂದ ಭಾಗಿಸಿ: 1542953. ಶೇಷ ಬಂದರೆ ಬಿಟ್ಟುಬಿಡಿ. ನಿಮ್ಮ ಬ್ಲಾಕ್ ಗಾತ್ರ 4096 ಹೌದಾ ಅನ್ನುವುದನ್ನು ‘ಟ್ಯೂನ್2ಎಫ್‌ಎಸ್ -ಎಲ್’ನಲ್ಲಿ ನೋಡಿಕೊಳ್ಳಿ. ಎಲ್‌ವಿಎಂ (ಡಿಸ್ಕುಗಳ ಜಾಗವನ್ನು ಕೂಡಿಸಿ ಹಂಚುವ ಪದರ) ಇದ್ದರೆ ಅದರ ಆಫ್‌ಸೆಟ್ ಕೂಡ ಸೇರುತ್ತದೆ, ಈ ಲೆಕ್ಕ ಹಾಗೇ ನಡೆಯುವುದಿಲ್ಲ.

ಈಗ ಡೀಬಗ್‌ಎಫ್‌ಎಸ್ ಒಳಗೆ ‘ಟೆಸ್ಟ್‌ಬಿ 1542953’ ಕೊಡಿ. ಬ್ಲಾಕ್ ಬಳಕೆಯಲ್ಲಿ ಇಲ್ಲ ಅಂದರೆ ಯಾವ ಫೈಲಿಗೂ ಪೆಟ್ಟಾಗಿಲ್ಲ. ಬಳಕೆಯಲ್ಲಿದೆ ಅಂದರೆ ‘ಐಚೆಕ್ 1542953’. ಬ್ಲಾಕಿನಿಂದ ಇನೋಡಿಗೆ ಬಂದಿರಿ. ಆ ಇನೋಡನ್ನು ‘ಎನ್‌ಚೆಕ್’ಗೆ ಕೊಟ್ಟರೆ ಹೆಸರು ಬಂತು. ಐಚೆಕ್ ಉತ್ತರ 8 ಅಂತ ಬಂದರೆ ಹೆಸರು ಹುಡುಕಬೇಡಿ, 8 ಅಂದರೆ ಫೈಲ್ ಸಿಸ್ಟಮ್ಮಿನ ಜರ್ನಲ್, ಬದಲಾವಣೆಗಳನ್ನು ಮೊದಲು ಬರೆದಿಟ್ಟುಕೊಳ್ಳುವ ಒಳಪುಸ್ತಕ. ಅದು ಯಾವ ಫೋಲ್ಡರಿನಲ್ಲೂ ಇಲ್ಲ. ಬ್ಲಾಕ್ ಬಳಕೆಯಲ್ಲಿದ್ದೂ ಐಚೆಕ್‌ಗೆ ಸಿಗದಿದ್ದರೆ ಪೆಟ್ಟು ಬಿದ್ದಿರುವುದು ಬಹುಶಃ ಇನೋಡುಗಳ ಪಟ್ಟಿಗೇ ಅಥವಾ ಅಂಥದ್ದೇ ಇನ್ನೊಂದು ಒಳಲೆಕ್ಕಕ್ಕೆ. ಒಂದು ಫೈಲಿಗಿಂತ ಅದು ದೊಡ್ಡ ತೊಂದರೆ.

ಸಿಕ್ಕ ಹೆಸರು ‘/ಯುಎಸ್‌ಆರ್/ಲಿಬ್’ ಕೆಳಗಿನದಾದರೆ ‘ಡಿಪಿಕೆಜಿ -ಎಸ್’ನಲ್ಲಿ (ಎಸ್ ದೊಡ್ಡಕ್ಷರ) ಯಾವ ಪ್ಯಾಕೇಜಿನದು ಅಂತ ನೋಡಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು. ನಿಮ್ಮ ಪ್ರಾಜೆಕ್ಟ್ ವರದಿಯಾದರೆ ಬ್ಯಾಕಪ್ಪಿನಿಂದ ತರಬೇಕು. ಎರಡರಲ್ಲಿ ಯಾವುದೇ ಆಗಿರಲಿ, ಡಿಸ್ಕನ್ನಂತೂ ಬದಲಾಯಿಸಿ. ಕೆಟ್ಟ ಸೆಕ್ಟರ್ ಕಾಣಿಸಿಕೊಂಡ ಡಿಸ್ಕಿನ ಮೇಲೆ ಪರೀಕ್ಷೆಯ ಕಾಲದಲ್ಲಿ ಭರವಸೆ ಇಡಬೇಡಿ.

ಪ್ರಶ್ನೆ: ವಿಂಡೋಸಿನಲ್ಲಿ ಇಂಥದ್ದು ಇದೆಯೇ?
– ಓದುಗರು, ತುಮಕೂರು

ಉತ್ತರ: ಇದೆ. ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಎಫ್‌ಎಸ್‌ಯುಟಿಲ್ ಫೈಲ್ ಕ್ವೆರಿಫೈಲ್‌ನೇಮ್‌ಬೈಐಡಿ’, ಆಮೇಲೆ ಡ್ರೈವ್, ಆಮೇಲೆ ಐಡಿ. ಉತ್ತರ ತಕ್ಷಣ ಬರುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿನ ದಾಖಲೆಯಲ್ಲೇ ಅದರ ಹೆಸರು, ಅದು ಇರುವ ಫೋಲ್ಡರ್ ಎರಡೂ ಬರೆದಿರುತ್ತವೆ. ಎಲ್ಲ ಕಡೆ ಹುಡುಕಬೇಕಾಗಿಲ್ಲ. ಲಿನಕ್ಸಿನ ಬಿಟಿಆರ್‌ಎಫ್‌ಎಸ್ ಕೂಡ ಹೀಗೆ ಹಿಂದಕ್ಕೆ ತೋರಿಸುವ ಗುರುತು ಇಟ್ಟುಕೊಳ್ಳುತ್ತದೆ, ಅಲ್ಲಿ ‘ಇನೋಡ್-ರಿಸಾಲ್ವ್’ ಅನ್ನುವ ಆಜ್ಞೆ ಇದೆ. ಎನ್‌ಟಿಎಫ್‌ಎಸ್‌ನ ಇನ್ನೊಂದು ಗುಣ ನನಗೆ ಇಷ್ಟ. ಐಡಿಯ 64 ಬಿಟ್‌ಗಳಲ್ಲಿ 48 ದಾಖಲೆಯ ನಂಬರಿಗೆ, ಉಳಿದ 16 ಒಂದು ಕ್ರಮಸಂಖ್ಯೆಗೆ. ದಾಖಲೆ ಬೇರೆ ಫೈಲಿಗೆ ಹೋದರೆ ಕ್ರಮಸಂಖ್ಯೆ ಬದಲಾಗುತ್ತದೆ. ಮೇಲೆ ಹಾಸನದವರಿಗೆ ಹೇಳಿದ ಹಳೆಯ ಲಾಗಿನ ಗೊಂದಲ ಅಲ್ಲಿ ಆಗುವುದಿಲ್ಲ.

ಪ್ರಶ್ನೆ: ಡಿಸ್ಕ್ ತುಂಬಿದೆ ಅನ್ನುತ್ತದೆ, ಫೋಲ್ಡರುಗಳನ್ನು ಕೂಡಿಸಿದರೆ ಅರ್ಧವೂ ಇಲ್ಲ. ‘ಎಲ್‌ಎಸ್‌ಒಎಫ್’ನಲ್ಲಿ ‘ಡಿಲೀಟೆಡ್’ ಅಂತ ಒಂದು ಫೈಲ್, ಇನೋಡ್ ನಂಬರ್ ಸಮೇತ ಇದೆ. ಫೈಂಡಿನಲ್ಲಿ ಆ ನಂಬರ್ ಸಿಗುತ್ತಿಲ್ಲ.
– ಓದುಗರು, ಕಲಬುರಗಿ

ಉತ್ತರ: ಸಿಗುವುದಿಲ್ಲ, ಯಾಕೆಂದರೆ ಅದಕ್ಕೆ ಹೆಸರೇ ಉಳಿದಿಲ್ಲ. ಯಾರೋ ಫೈಲ್ ಅಳಿಸಿದ್ದಾರೆ, ಒಂದು ಪ್ರೋಗ್ರಾಮ್ ಇನ್ನೂ ಅದನ್ನು ಹಿಡಿದುಕೊಂಡಿದೆ. ಅದು ಬಿಟ್ಟ ಕ್ಷಣ ಜಾಗ ಖಾಲಿಯಾಗುತ್ತದೆ. ಆ ಪ್ರೋಗ್ರಾಮನ್ನು ಮರುಶುರು ಮಾಡಿ. ಆದರೆ ನಿಲ್ಲಿಸುವ ಮೊದಲು ಒಂದು ಸಲ ಯೋಚಿಸಿ: ಆ ಫೈಲ್ ಬೇಕಾಗಿತ್ತಾ? ಬೇಕಿದ್ದರೆ ‘/ಪ್ರಾಕ್’ ಒಳಗೆ ಆ ಪ್ರೋಗ್ರಾಮಿನ ನಂಬರಿನ ಫೋಲ್ಡರಿಗೆ ಹೋಗಿ, ಅಲ್ಲಿನ ‘ಎಫ್‌ಡಿ’ಯಿಂದ ಕಾಪಿ ಮಾಡಿಕೊಳ್ಳಬಹುದು. ನಿಲ್ಲಿಸಿದ ಮೇಲೆ ಆ ದಾರಿ ಇಲ್ಲ. ಅಳಿಸಿದ ಹೆಸರು ಹುಡುಕಲು ಬ್ರಯಾನ್ ಕ್ಯಾರಿಯರ್ ಅವರ ಸ್ಲೂತ್ ಕಿಟ್‌ನಲ್ಲಿ ‘ಎಫ್‌ಫೈಂಡ್’ ಇದೆ, ಫೋಲ್ಡರಿನಲ್ಲಿ ಉಳಿದುಹೋದ ಹಳೆಯ ಅಕ್ಷರಗಳಿಂದ ಕೆಲವು ಸಲ ಹೆಸರು ಎತ್ತಿಕೊಡುತ್ತದೆ. ಈಚಿನ ಕರ್ನಲ್‌ಗಳು ಇಎಕ್ಸ್‌ಟಿ4ನಲ್ಲಿ ಅಳಿಸಿದ ಹೆಸರನ್ನು ಒರೆಸಿಯೇಬಿಡುತ್ತವೆ, ಹಾಗಾಗಿ ಅದರ ಮೇಲೆ ಜಾಸ್ತಿ ಆಸೆ ಬೇಡ.

ಪ್ರಶ್ನೆ: ಹಳೆಯ ಮ್ಯಾಕ್ ಡಿಸ್ಕಿನಿಂದ ಲಿನಕ್ಸಿಗೆ ಫೈಲುಗಳನ್ನು ತಂದೆ. ಒಂದೇ ಫೋಲ್ಡರಿನಲ್ಲಿ ‘ಕೋಲಾರ ವರದಿ’ ಅಂತ ಎರಡು ಫೈಲ್ ಕಾಣುತ್ತಿವೆ! ಒಂದೇ ಹೆಸರಿನ ಎರಡು ಫೈಲ್ ಇರಲು ಸಾಧ್ಯವೇ? ಒಂದನ್ನು ಹೆಸರು ಟೈಪ್ ಮಾಡಿ ತೆರೆದರೆ ಬರುತ್ತದೆ, ಇನ್ನೊಂದನ್ನು ಹೇಗೆ ಹಿಡಿಯಲಿ?
– ಹವ್ಯಾಸಿ ಪತ್ರಕರ್ತರು, ಬೆಂಗಳೂರು

ಉತ್ತರ: ಸಾಧ್ಯವಿಲ್ಲ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಬೇರೆ ಹೆಸರು ಅವು. ‘ಕೋ’ದ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಅಂತ ಮೂರು ಬಿಡಿ ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಬಂದ ಬೈಟುಗಳನ್ನು ಹಾಗೇ ಇಟ್ಟುಕೊಳ್ಳುತ್ತದೆ. ನಿಮ್ಮ ಕೀಬೋರ್ಡು ಒಂದೇ ಸಂಕೇತ ಕೊಡುತ್ತದೆ, ಆದ್ದರಿಂದ ಮ್ಯಾಕಿನಿಂದ ಬಂದದ್ದು ಟೈಪ್ ಮಾಡಿದರೆ ಸಿಗುತ್ತಿಲ್ಲ. ಕಾಣದ ಶೂನ್ಯ ಅಗಲದ ಅಕ್ಷರಗಳೂ ಇದೇ ಥರ ಕಾಟ ಕೊಡುತ್ತವೆ. ‘ರಾಜ್‌ಕುಮಾರ್’ ಬರೆಯುವಾಗ ಜ ಮತ್ತು ಕ ನಡುವೆ ಅಂಥದ್ದೊಂದು ಕೂತಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಸರಿನ ಸಹವಾಸ ಬಿಟ್ಟು ನಂಬರ್ ಹಿಡಿಯಿರಿ. ‘ಎಲ್‌ಎಸ್ -ಎಲ್‌ಐ’ ಕೊಡಿ. ಎರಡು ಸಾಲು, ಎರಡು ನಂಬರ್, ಜೊತೆಗೆ ಗಾತ್ರ, ತಾರೀಖು. ನಂಬರುಗಳು ಬೇರೆಯಾಗಿದ್ದರೆ ನಿಜಕ್ಕೂ ಎರಡು ಫೈಲ್. ಒಂದೇ ಆಗಿದ್ದರೆ ಒಂದೇ ಫೈಲಿನ ಎರಡು ಹೆಸರು. ಬೇಕಾದದ್ದರ ನಂಬರ್ ತಗೊಂಡು ಫೈಂಡಿಗೆ ಕೊಡಿ: ಈಗಿರುವ ಫೋಲ್ಡರಿನ ಚುಕ್ಕೆ, ‘-ಮ್ಯಾಕ್ಸ್‌ಡೆಪ್ತ್ 1’, ‘-ಐನಮ್’ ಮತ್ತು ನಂಬರ್, ಕೊನೆಗೆ ‘-ಎಕ್ಸೆಕ್ ಎಂವಿ’ ಮೂಲಕ ಹೊಸ ಹೆಸರು. ಹೆಸರಿನಲ್ಲಿ ಏನೇ ಅಡಗಿದ್ದರೂ ಫೈಂಡಿಗೆ ತೊಂದರೆಯಿಲ್ಲ.

ಹೊಸ ಹೆಸರು ಇಡುವಾಗ ಉದ್ದ ನೋಡಿಕೊಳ್ಳಿ. ಇಎಕ್ಸ್‌ಟಿ4ನಲ್ಲಿ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. ಅಂದರೆ ನಮಗೆ ಸಿಗುವುದು 85 ಸಂಕೇತ. ‘ಸ್ತ್ರೀ’ ಬರೆದರೆ ಸ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ತ, ವಿರಾಮ, ರ, ಈಕಾರ, ಒಟ್ಟು 6 ಸಂಕೇತ, 18 ಬೈಟ್. ಸುದ್ದಿಯ ತಲೆಬರಹವನ್ನೇ ಫೈಲಿನ ಹೆಸರಾಗಿ ಇಡುವ ಅಭ್ಯಾಸ ಪತ್ರಕರ್ತರಿಗೆ ಇರುತ್ತದೆ. ಬಿಡಿಸಿ ಇಟ್ಟ ಹೆಸರಾದರೆ ಒಂದು ಓತ್ವಕ್ಕೇ 9 ಬೈಟ್ ಹೋಗುತ್ತದೆ, ಕಾಪಿ ಮಾಡುವಾಗ ‘ಹೆಸರು ತುಂಬ ಉದ್ದ’ ಅಂತ ಬಿಟ್ಟುಹೋದ ಫೈಲುಗಳೂ ಇರಬಹುದು. ಮ್ಯಾಕ್ ಡಿಸ್ಕನ್ನು ಅಳಿಸುವ ಮೊದಲು ಎರಡೂ ಕಡೆ ಎಷ್ಟು ಫೈಲಿವೆ ಅಂತ ಎಣಿಸಿ ನೋಡಿ.

ಎಕ್ಸೆಕ್ ಕೊಡುವ ಮೊದಲು ಅದನ್ನು ಬಿಟ್ಟು ಉಳಿದಷ್ಟೇ ಒಂದು ಸಲ ಓಡಿಸಿ, ಬಂದದ್ದು ಒಂದೇ ಫೈಲ್ ಹೌದಾ ನೋಡಿ. ‘-ಡಿಲೀಟ್’ ಅನ್ನುವುದೂ ಇದೆ. ವರದಿಗಳ ವಿಷಯದಲ್ಲಿ ಅದನ್ನು ಬಳಸಬೇಡಿ. ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಂಡು, ತೆರೆದು, ಸಾಲು ಸಾಲು ಹೋಲಿಸಿ. ಕೊನೆಯ ತಿದ್ದುಪಡಿ ಯಾವುದರಲ್ಲಿದೆ ಅನ್ನುವುದನ್ನು ಯಾವ ಕಮಾಂಡೂ ಹೇಳುವುದಿಲ್ಲ, ಬರೆದವರು ನೀವೇ ಓದಿ ನೋಡಬೇಕು.